ಗೇನ್ ಅಂದ್ರೆ ವಾಲ್ಯೂಮ್ ಅಲ್ಲ!

ಕಾರಿನ ಆಂಪ್ಲಿಫೈಯರ್‌ನ ಗೇನ್ ನಾಬನ್ನು ಪೂರ್ತಿ ತಿರುಗಿಸಿ ‘ಸೌಂಡ್ ಸೂಪರ್’ ಅನ್ನುವವರನ್ನು ಕಂಡಾಗಲೆಲ್ಲ ನನಗೆ ಹೆರಾಲ್ಡ್ ಬ್ಲ್ಯಾಕ್ ನೆನಪಾಗುತ್ತಾರೆ. ಆಗ ದೂರದ ಟೆಲಿಫೋನ್ ಲೈನುಗಳಲ್ಲಿ ಸಾಲುಸಾಲು ಆಂಪ್ಲಿಫೈಯರ್‌ಗಳು. ಒಂದೊಂದೂ ದನಿಯನ್ನು ಅಷ್ಟಷ್ಟು ಕೆಡಿಸುತ್ತಿತ್ತು. ಬೆಲ್ ಲ್ಯಾಬ್ಸ್‌ನ ಈ ಎಂಜಿನಿಯರ್ 1927ರ ಆಗಸ್ಟ್ 2ರಂದು ಕೆಲಸಕ್ಕೆ ಹೋಗುತ್ತಾ, ಹಡ್ಸನ್ ನದಿಯ ಫೆರ್ರಿಯಲ್ಲಿ, ಕೈಯಲ್ಲಿದ್ದ ನ್ಯೂಯಾರ್ಕ್ ಟೈಮ್ಸ್ ಮೇಲೆಯೇ ಪರಿಹಾರ ಗೀಚಿದರು. ಹೊರಬಂದ ಸಿಗ್ನಲ್‌ನ ಒಂದಂಶವನ್ನು ತಿರುವುಮುರುವಾಗಿ ಮತ್ತೆ ಒಳಕ್ಕೆ ಕೊಡಿ. ಗೇನ್ ಇಳಿಯುತ್ತೆ, ದನಿ ತಿಳಿಯಾಗುತ್ತೆ! ಅಮೆರಿಕದ ಪೇಟೆಂಟ್‌ಗೆ ಮಾತ್ರ 1937ರವರೆಗೆ ಕಾಯಬೇಕಾಯ್ತು.

ಕಾರಿನ ನಾಬ್‌ನ ಕೆಲಸ ಬೇರೆ: ಸ್ಟೀರಿಯೋ ಕೊಡುವ ವೋಲ್ಟೇಜ್‌ಗೆ ಆಂಪ್ಲಿಫೈಯರನ್ನು ಹೊಂದಿಸುವುದು. 4 ಓಮ್‌ಗೆ 100 ವಾಟ್ ಅಂದರೆ 20 ವೋಲ್ಟ್, ಅಷ್ಟೇ. ಅದರ ಶಕ್ತಿ ಮೀರಿ ಕೇಳಿದರೆ ಅಲೆಯ ತಲೆ ಕತ್ತರಿಸಿಹೋಗುತ್ತೆ, ಸ್ಪೀಕರ್ ಸುಟ್ಟರೂ ಸುಡಬಹುದು. ಪಾಠ ಅದೇ ಅಲ್ವೇ... ಸ್ವಲ್ಪ ಬಿಟ್ಟುಕೊಟ್ಟವರಿಗೇ ಒಳ್ಳೆಯ ದನಿ.