ಬೈಕ್ ಎಂಜಿನ್ ಕಿಟ್ ಕಾರು
ಮೋಟಾರ್‌ಸೈಕಲ್ಲಿನ ಎಂಜಿನ್ ಕೂರಿಸಿ, ಬಿಡಿಭಾಗಗಳಿಂದ ಜೋಡಿಸಿಕೊಳ್ಳುವ ಹಗುರ ಸ್ಪೋರ್ಟ್ಸ್ ಕಾರು. ಬ್ರಿಟನ್ನಿನ ಹವ್ಯಾಸಿಗಳಲ್ಲಿ ಈ ರೂಢಿ ಗಟ್ಟಿಯಾಗಿ ಬೇರೂರಿದೆ. 1957ರ ಲೋಟಸ್ ಸೆವೆನ್ ಮಾದರಿಯಲ್ಲಿ ಉಕ್ಕಿನ ಕೊಳವೆಗಳಿಂದ ಕಟ್ಟಿದ ಚಾಸಿ ಇದಕ್ಕೆ ಸಾಮಾನ್ಯ ಆಧಾರ. ಯಮಹಾ ಆರ್1, ಹೋಂಡಾ ಫೈರ್‌ಬ್ಲೇಡ್, 1999ರಲ್ಲಿ ಬಂದ 1,299 ಸಿಸಿಯ ಸುಜುಕಿ ಹಯಬುಸಾ ಎಂಜಿನ್‌ಗಳಿಗೆ ಬೇಡಿಕೆ ಹೆಚ್ಚು. ವೆಸ್ಟ್‌ಫೀಲ್ಡ್ ಕಂಪನಿಯ ಮೆಗಾಬುಸಾದಲ್ಲಿರುವುದು ಹಯಬುಸಾ ಎಂಜಿನ್ನೇ.

ಎಂಜಿನ್ನೂ ಗೇರ್‌ಬಾಕ್ಸೂ ಒಂದೇ ಕವಚದಲ್ಲಿರುವುದರಿಂದ ತೂಕ ಉಳಿಯುತ್ತದೆ. ಗೇರುಗಳು ಸಾಲಾಗಿ, ಥಟ್ಟನೆ ಬದಲಾಗುತ್ತವೆ. ಆದರೆ ಶಕ್ತಿಯೆಲ್ಲ ಹೆಚ್ಚಿನ ಆರ್‌ಪಿಎಂನಲ್ಲಿ ಮಾತ್ರ ದೊರೆಯುವುದರಿಂದ ಭಾರದ ಕಾರಿಗೆ ಇದು ಹೊಂದದು.

ಮುಂಭಾಗದಲ್ಲಿ ಕೂರಿಸುವಾಗ ಎಂಜಿನ್ನನ್ನು ಅಡ್ಡಕ್ಕಿಡದೆ ಉದ್ದಕ್ಕೆ ತಿರುಗಿಸುತ್ತಾರೆ. ಚೈನ್ ಸ್ಪ್ರಾಕೆಟ್ ಇದ್ದ ಜಾಗಕ್ಕೆ ಅಡಾಪ್ಟರ್ ಹಾಕಿ, ಪ್ರೊಪೆಲ್ಲರ್ ಶಾಫ್ಟ್ ಮೂಲಕ ಹಿಂದಿನ ಡಿಫರೆನ್ಷಿಯಲ್‌ಗೆ ಜೋಡಿಸುತ್ತಾರೆ.

ನಿಜವಾದ ತೊಡಕು ಆಯಿಲ್‌ನದು. ತಿರುವಿನಲ್ಲಿ ಬೈಕು ವಾಲುವುದರಿಂದ ಆಯಿಲ್ ಸಂಪಿನ ತಳದಲ್ಲೇ ನಿಲ್ಲುತ್ತದೆ. ಕಾರು ಹಾಗೆ ವಾಲುವುದಿಲ್ಲ. ಆಯಿಲ್ ಒಂದು ಬದಿಗೆ ನುಗ್ಗಿ, ಪಂಪು ಗಾಳಿ ಎಳೆದು, ಬೇರಿಂಗುಗಳು ಕ್ಷಣಗಳಲ್ಲೇ ಹಾಳಾಗಬಹುದು. ಆದ್ದರಿಂದ ಸಂಪಿನೊಳಗೆ ತಡೆಹಲಗೆಗಳನ್ನು ಕೂರಿಸುತ್ತಾರೆ. ರೇಸಿಗಾದರೆ ಆಯಿಲನ್ನು ಪ್ರತ್ಯೇಕ ಟ್ಯಾಂಕಿನಲ್ಲಿಡುವ ಡ್ರೈ ಸಂಪ್ ಮೇಲು. ಹಣ ಉಳಿಸಲು ಹೋಗಿ ಈ ಹಂತವನ್ನು ಬಿಟ್ಟರೆ ಎಂಜಿನ್ನನ್ನೇ ಕೊಳ್ಳಬೇಕಾಗುತ್ತದೆ.

ಕಾರಿನ ಭಾರಕ್ಕೆ ಕ್ಲಚ್ ಜಾರದಂತೆ ಬಿರುಸಾದ ಸ್ಪ್ರಿಂಗ್ ಹಾಕುವುದುಂಟು. ಈ ಬೈಕ್ ಗೇರ್‌ಬಾಕ್ಸುಗಳಲ್ಲಿ ರಿವರ್ಸ್ ಇಲ್ಲ. ಅದಕ್ಕೆ ಪ್ರತ್ಯೇಕ ರಿವರ್ಸ್ ಬಾಕ್ಸ್ ಅಥವಾ ವಿದ್ಯುತ್ ಮೋಟಾರು ಬೇಕು.