ತಾಲೀಮಿನ ಜೋಡಿ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಸುಮಾರು 1129ರ ಸಂಸ್ಕೃತ ಗ್ರಂಥ. ನೂರು ಅಧ್ಯಾಯಗಳ ಈ ವಿಶ್ವಕೋಶದಲ್ಲಿ ಅಡುಗೆ, ಆನೆ, ಸಂಗೀತಗಳ ಜೊತೆಗೆ ‘ಮಲ್ಲವಿನೋದ’ವೂ ಇದೆ. ಕಲ್ಯಾಣವೆಂದರೆ ಇಂದಿನ ಬಸವಕಲ್ಯಾಣ. ನನ್ನೂರು ಖಟಕ ಚಿಂಚೋಳಿ ಇರುವ ಭಾಲ್ಕಿ ತಾಲ್ಲೂಕಿನ ನೆರೆಯದು. ಬಸವಣ್ಣನವರ ಕಲ್ಯಾಣವನ್ನು ಬಲ್ಲ ನಾವು ಅದಕ್ಕೂ ತುಸು ಹಿಂದಿನ ಈ ಅರಮನೆಯ ಕಲ್ಯಾಣವನ್ನು ಹೆಚ್ಚು ಓದುವುದಿಲ್ಲ.

ಮಲ್ಲವಿನೋದ ಜಟ್ಟಿಗಳನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ವಿಂಗಡಿಸುತ್ತದೆ. ಅವರು ಏನು ತಿನ್ನಬೇಕು, ಹೇಗೆ ಮೈ ಪಳಗಿಸಬೇಕು ಎಂಬುದನ್ನೂ ಹೇಳುತ್ತದೆ: ತೂಕ ಎತ್ತುವ ಭಾರಶ್ರಮ, ನಡಿಗೆಯ ಭ್ರಮಣಶ್ರಮ, ಈಜಿನ ಸಲಿಲಶ್ರಮ, ಕಂಬದ ಮೇಲಿನ ಸ್ತಂಭಶ್ರಮ. ಇವೆಲ್ಲ ಒಬ್ಬನೇ ಮಾಡಬಹುದಾದವು. ಆದರೆ ಕುಸ್ತಿಯನ್ನು ಒಬ್ಬನೇ ಕಲಿಯಲಾಗದು. ದಿನವೂ ಎದುರು ನಿಂತು ಮೈ ಒಡ್ಡಿದ ಆ ಇನ್ನೊಬ್ಬ ಎಲ್ಲಿ? ಬರೆದವನು ದೊರೆ, ಅವನ ಆಸನದಿಂದ ಕಾಣುವುದು ಗೆಲುವು ಸೋಲಿನ ಪಂದ್ಯ, ಅದರ ಹಿಂದಿನ ಸಾವಿರ ಮುಂಜಾವುಗಳಲ್ಲ. ಜಟ್ಟಿಗಳ ವಿಂಗಡಣೆಯಲ್ಲಿ ಆ ಇನ್ನೊಬ್ಬನ ನೆರಳಿದೆ ಎಂದು ನನ್ನ ಓದು. ಸಮಜೋಡಿ ಕಟ್ಟಲೆಂದೇ ಅಲ್ಲವೆ ಯಾರು ಯಾವ ದರ್ಜೆಯವರೆಂದು ಮೊದಲು ತಿಳಿಯಬೇಕಾದದ್ದು?

ಗುಜರಾತಿನ ಜ್ಯೇಷ್ಠಿಮಲ್ಲರ ‘ಮಲ್ಲಪುರಾಣ’ ಇನ್ನೊಂದು ಸುಳಿವು ಕೊಡುತ್ತದೆ. ಅದರ ವ್ಯಾಯಾಮಗಳ ಪಟ್ಟಿಯಲ್ಲಿ ಕಣದೊಳಗಿನ ರಂಗಶ್ರಮದ ಜೊತೆ ‘ಊಹಾಪೋಹಶ್ರಮ’ವೂ ಸೇರಿದೆ. ನಾವೀಗ ಗಾಳಿಸುದ್ದಿಗೆ ಬಳಸುವ ಈ ಪದಕ್ಕೆ ಅಲ್ಲಿ ಪಟ್ಟುಗಳ ಕುರಿತ ವಿಚಾರ, ಚರ್ಚೆ ಎಂಬರ್ಥ. ಹಿಡಿದವನೂ ಬಿದ್ದವನೂ ಕೂತು ಮಾತಾಡಿಕೊಳ್ಳುವುದು ಕೂಡ ಮೈಗೆ ಸಲ್ಲುವ ಶ್ರಮವೇ.

ನಮ್ಮಲ್ಲಿ ಹೀಗೆ ಮೂಲೆಯಲ್ಲಿ ಉಳಿದ ಸಂಗತಿಯನ್ನು ಚೀನಾದ ತೈ ಚಿ ನಡುಮನೆಗೆ ತಂದಿದೆ. ಹೆನಾನ್ ಪ್ರಾಂತ್ಯದ ಚೆನ್ ಮನೆತನದ ಹಳ್ಳಿಯಲ್ಲಿ, 17ನೇ ಶತಮಾನದ ಚೆನ್ ವಾಂಗ್‌ಟಿಂಗ್‌ನಿಂದ ಇದು ಬೆಳೆಯಿತೆನ್ನುತ್ತಾರೆ. ಅದರ ಜೋಡಿ ಅಭ್ಯಾಸದ ಹೆಸರು ತುಯ್ ಶೌ, ಅಂದರೆ ತಳ್ಳುವ ಕೈ. ಇಬ್ಬರು ಮುಂಗೈಗೆ ಮುಂಗೈ ತಾಗಿಸಿ ನಿಧಾನವಾಗಿ ಸುತ್ತುತ್ತ, ಎದುರಿನವನ ಬಲ ಎತ್ತ ಹರಿಯುತ್ತಿದೆ ಎಂದು ಚರ್ಮದಿಂದಲೇ ತಿಳಿಯುತ್ತಾರೆ. ಈ ಅರಿವನ್ನು ಅವರು ‘ಕೇಳುವುದು’ ಎನ್ನುತ್ತಾರೆ. ಗೆಲ್ಲುವ ಅವಸರದಲ್ಲಿ ಮೈ ಬಿಗಿದವನಿಗೆ ಏನೂ ಕೇಳಿಸದು.

ನಮ್ಮ ಕಡೆಯ ತಾಲೀಮಿನಲ್ಲಿ ಇದಕ್ಕೆ ಶಾಸ್ತ್ರವಿಲ್ಲ, ರೂಢಿಯಿದೆ. ಲಡತ್ತಿಗೆ ಇಳಿದ ಹಿರಿಯ ಪೈಲ್ವಾನ ಕಿರಿಯನಿಗೆ ಬೇಕೆಂದೇ ಕಾಲು ಕೊಡುತ್ತಾನೆ, ಪಟ್ಟು ಕೂಡುವವರೆಗೆ ತಾಳುತ್ತಾನೆ, ಬಿದ್ದು ಎದ್ದು ಮತ್ತೆ ಅದೇ ಕಾಲು ಕೊಡುತ್ತಾನೆ. ಹುಡುಗನೊಬ್ಬ ಸಿಟ್ಟಿನಿಂದ ಕುತ್ತಿಗೆ ತಿರುವಿದಾಗ ವಸ್ತಾದರು ಹೇಳಿದ್ದು ನನಗೆ ನೆನಪಿದೆ: “ಗೆಲ್ಲಾದು ಜಾತ್ರ್ಯಾಗ ಇರ್ಲಿ. ಇವ್ನ ಕೈ ಮುರದ್ರ ನಾಳೆ ಯಾರ ಕೂಡ ಆಡ್ತಿ?” ಬಲವನ್ನು ತಡೆದುಕೊಳ್ಳುವುದೂ ಒಂದು ಪಟ್ಟು ಎಂಬಂತೆ ಅವರು ಕಲಿಸುತ್ತಿದ್ದರು.

ಮೈಸೂರು ದಸರೆಯ ವಜ್ರಮುಷ್ಟಿ ಕಾಳಗವನ್ನು ನೆನೆದರೆ ಇದು ಮೆದುತನದ ಮಾತಲ್ಲವೆಂದು ತಿಳಿಯುತ್ತದೆ. ತಲೆ ಬೋಳಿಸಿಕೊಂಡ ಜಟ್ಟಿಗಳು ಮುಷ್ಟಿಗೆ ಮೊನೆಯುಳ್ಳ ಆಯುಧ ತೊಟ್ಟು ಸೆಣಸುತ್ತಾರೆ. ಒಂದು ಹನಿ ರಕ್ತ ಕಂಡೊಡನೆ ಕಾಳಗ ಮುಗಿಯುತ್ತದೆ. ಅಷ್ಟು ಕಾವಿನಲ್ಲಿ ಎತ್ತಿದ ಕೈ ತಟ್ಟನೆ ನಿಲ್ಲಬೇಕಾದರೆ ಅದು ಎಂದೋ, ಯಾರದೋ ಮೈ ಮೇಲೆ, ನಿಲ್ಲುವುದನ್ನು ಕಲಿತಿರಬೇಕು.

ಹಳೆಯ ಪೈಲ್ವಾನರನ್ನು ಮಾತಿಗೆಳೆದಾಗ ಮೊದಲು ಬರುವುದು ಜಾತ್ರೆಯ ಬೆಳ್ಳಿ ಕಡೆ, ತಾವು ಕೆಡವಿದವರ ಹೆಸರು. “ತಾಲೀಮಿನ್ಯಾಗ ನಿಮ್ಮ ಜೋಡಿ ಯಾರಿದ್ರು ಕಾಕಾ?” ಎಂದು ಕೇಳಿದರೆ ಮಾತು ನಿಧಾನವಾಗುತ್ತದೆ. ಆಮೇಲೆ ಬರುವ ಹೆಸರು ಯಾವ ಕರಪತ್ರದಲ್ಲೂ ಅಚ್ಚಾದದ್ದಲ್ಲ. ಆ ಹೆಸರುಗಳಿಗೆ ನಾನೀಗ ಬೇರೆಯೇ ಒಂದು ನೋಟ್‌ಬುಕ್ ಇಟ್ಟಿದ್ದೇನೆ.