ಬಚ್ಚಲ ಬಾಯಿಗೆ ಒಂದು ಚೊಂಬು ನೀರು

ಮನೆ ಕಟ್ಟಿಸುವಾಗ ಅಡುಗೆ ಕಟ್ಟೆ ಎಷ್ಟು ಎತ್ತರವಿರಬೇಕು, ದೇವರ ಗೂಡು ಯಾವ ದಿಕ್ಕಿಗಿರಬೇಕು ಎಂದು ಮನೆಯ ಹೆಂಗಸರನ್ನು ಕೇಳುವವರಿದ್ದಾರೆ. ಬಚ್ಚಲ ನೀರು ಯಾವ ಕೊಳವೆಯಲ್ಲಿ ಇಳಿದು ಎಲ್ಲಿಗೆ ಸೇರಬೇಕು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಅದು ಮೇಸ್ತ್ರಿ, ಪ್ಲಂಬರ್, ಇಂಜಿನಿಯರ್ ಇವರೊಳಗೇ ತೀರ್ಮಾನವಾಗುವ ಸಂಗತಿ. ಆಮೇಲೆ ಇಪ್ಪತ್ತು ಮೂವತ್ತು ವರ್ಷ ಆ ಬಚ್ಚಲನ್ನು ಉಜ್ಜುವವರು, ಕಟ್ಟಿಕೊಂಡರೆ ಕಡ್ಡಿ ಹಾಕಿ ಬಿಡಿಸುವವರು, ವಾಸನೆ ಬಂದರೆ ಫಿನಾಯಿಲ್ ಸುರಿಯುವವರು ನಾವು.

ಇದೇ ಮಾತನ್ನು 1885ರಷ್ಟು ಹಿಂದೆಯೇ ಒಬ್ಬ ಗೃಹಿಣಿ ಎತ್ತಿದ್ದರು ಎಂದು ತಿಳಿದಾಗ ನನಗೆ ಸೋಜಿಗವೂ ಆಯಿತು, ಒಂದು ಬಗೆಯ ಸಮಾಧಾನವೂ ಆಯಿತು. ಅಮೆರಿಕದ ಮ್ಯಾಸಚೂಸೆಟ್ಸಿನ ಹ್ಯಾರಿಯೆಟ್ ಪ್ಲಂಕೆಟ್ ಎಂಬಾಕೆ ಆ ವರ್ಷ ಪ್ರಕಟಿಸಿದ ಪುಸ್ತಕದ ಹೆಸರೇ ‘ಹೆಂಗಸರು, ಪ್ಲಂಬರುಗಳು ಮತ್ತು ವೈದ್ಯರು’ ಎಂದು. ಹೆಂಗಸರೂ ಪ್ಲಂಬರುಗಳೂ ತಮ್ಮ ತಮ್ಮ ಕೆಲಸವನ್ನು ಪೂರ್ತಿ ಮಾಡಿದರೆ ವೈದ್ಯರಿಗೆ ಅಷ್ಟಾಗಿ ಕೆಲಸವೇ ಉಳಿಯದು ಎಂಬುದು ಅವರ ವಾದ. ಸರಿಯಾಗಿ ಕೊಳವೆ ಜೋಡಿಸಿದ ಮನೆಯೊಂದನ್ನು ನಡುವೆ ಸೀಳಿ ತೋರಿಸಿದ ಚಿತ್ರವನ್ನೂ ಆ ಪುಸ್ತಕದಲ್ಲಿ ಕೊಟ್ಟು, ಹೆಣ್ಣಿನ ಕಾರ್ಯಕ್ಷೇತ್ರ ಇದೇ ಎಂದಿದ್ದಾರೆ. ಹೆಣ್ಣಿನ ಜಾಗ ಮನೆಯೊಳಗೆ ಎನ್ನುತ್ತಿದ್ದ ಕಾಲ ಅದು. ಹಾಗಾದರೆ ಮನೆಯ ಗೋಡೆಯೊಳಗಿನ ಕೊಳವೆಯೂ ನಮ್ಮದೇ ಅಲ್ಲವೇ ಎಂದು ಆಕೆ ಅದೇ ಮಾತನ್ನು ತಿರುಗಿಸಿ ಕೇಳಿದಂತಿತ್ತು.

ಆ ಕಾಲಕ್ಕೆ ಈ ಪ್ರಶ್ನೆ ಏಕೆ ಅಷ್ಟು ಮುಖ್ಯವಾಯಿತು? ಅಲ್ಲಿಯ ಪಟ್ಟಣಗಳಲ್ಲಿ ಕಕ್ಕಸು ಹಿತ್ತಿಲಿನಿಂದ ಮನೆಯೊಳಗೆ ಬಂದಿತ್ತು. ಕಕ್ಕಸು ಒಳಗೆ ಬಂತೆಂದರೆ ಚರಂಡಿಯ ಬಾಯಿಯೂ ಒಳಗೆ ಬಂದ ಹಾಗೆ. ಆ ಬಾಯಿಗೆ ಬಾಗಿಲೊಂದು ಬೇಕಲ್ಲ! ಆ ಬಾಗಿಲನ್ನು ಕೊಟ್ಟವನು ಲಂಡನ್ನಿನಲ್ಲಿ ಗಡಿಯಾರ ಮಾಡುತ್ತಿದ್ದ ಅಲೆಕ್ಸಾಂಡರ್ ಕಮಿಂಗ್. ನೀರು ಹಾಕಿ ತೊಳೆಯುವ ತನ್ನ ಕಕ್ಕಸಿಗೆ 1775ರಲ್ಲಿ ಪೇಟೆಂಟ್ ಪಡೆದಾಗ ಅವನು ಅದರ ಕೆಳಗಿನ ಕೊಳವೆಯನ್ನು ಹಾವಿನಂತೆ ಬಳುಕಿಸಿದ್ದ. ಆ ಬಳುಕಿನಲ್ಲಿ ಸದಾ ಒಂದಿಷ್ಟು ನೀರು ನಿಲ್ಲುತ್ತದೆ. ಮೇಲಿನಿಂದ ಬಂದದ್ದು ಅದನ್ನು ತಳ್ಳಿಕೊಂಡು ಹೋಗುತ್ತದೆ, ಕೆಳಗಿನ ಗಾಳಿ ಮಾತ್ರ ಅದನ್ನು ದಾಟಿ ಮೇಲೆ ಬರಲಾರದು. ಕೀಲಿಲ್ಲ, ಚಿಲಕವಿಲ್ಲ, ನೀರೇ ಬಾಗಿಲು. ನಮ್ಮ ಪ್ಲಂಬರುಗಳು ನಹಾನಿ ಟ್ರ್ಯಾಪ್ ಎಂದು ಕರೆದು ಬಚ್ಚಲ ಮೂಲೆಯಲ್ಲಿ ಕೂರಿಸುವುದು ಇದೇ ಉಪಾಯವನ್ನು.

ಆದರೆ ಬಾಗಿಲಿದ್ದರೆ ಸಾಲದು, ಅದು ಮುಚ್ಚಿರಬೇಕು. ಮೇಲಿನ ಮಹಡಿಯಿಂದ ರಭಸವಾಗಿ ನೀರು ಇಳಿದಾಗ ಕೆಳಗಿನ ಟ್ರ್ಯಾಪಿನ ನೀರನ್ನೂ ಅದು ಎಳೆದುಕೊಂಡು ಹೋಗುತ್ತದೆ. ಅದಕ್ಕೇ ತಾರಸಿಯ ಮೇಲೆ ಬಾಯಿ ತೆರೆದ ಗಾಳಿ ಕೊಳವೆ ಬೇಕು. ಇನ್ನು ಜೋಡಣೆ ಬಿರುಕು ಬಿಟ್ಟು ನೆಲದಡಿ ಸೋರಿದರಂತೂ ಯಾರ ಕಣ್ಣಿಗೂ ಬೀಳದು. 1871ರಲ್ಲಿ ಇಂಗ್ಲೆಂಡಿನ ಯುವರಾಜ ಎಡ್ವರ್ಡ್ ಟೈಫಾಯಿಡ್ ತಗುಲಿ ಸಾವಿನ ಅಂಚಿಗೆ ಹೋಗಿ ಬಂದ. ಅವನು ತಂಗಿದ್ದ ಮನೆಯ ಚರಂಡಿಯ ಮೇಲೆ ಎಲ್ಲರ ಸಂಶಯ ಹೋಯಿತು. ಅರಮನೆಯವರಿಗೇ ಹೀಗಾದರೆ ನಮ್ಮ ಪಾಡೇನು ಎಂದು ಉಳ್ಳವರೆಲ್ಲ ತಮ್ಮ ಮನೆಗಳ ನೆಲ ಅಗೆಸಿ ನೋಡತೊಡಗಿದರು. ಲೀಡ್ಸ್ ನಗರದ ಶಸ್ತ್ರವೈದ್ಯ ಪ್ರಿಡ್ಜಿನ್ ಟೀಲ್, ಮನೆಯ ಕೊಳವೆಗಳಲ್ಲಿ ಏನೇನು ತಪ್ಪಿರಬಹುದೆಂದು ಓದುಬರಹ ಕಡಿಮೆಯಿದ್ದವರಿಗೂ ತಿಳಿಯುವಂತೆ ಚಿತ್ರಗಳ ಪುಸ್ತಕವನ್ನೇ ಮಾಡಿದ.

ಆಗ ಬಳಕೆಗೆ ಬಂದ ಪರೀಕ್ಷೆಗಳಲ್ಲಿ ನನಗೆ ಬಲು ಇಷ್ಟವಾದದ್ದು ಪೆಪ್ಪರಮೆಂಟಿನದು. ಒಬ್ಬರು ತಾರಸಿ ಹತ್ತಿ ಕೊಳವೆಯ ಬಾಯಿಗೆ ಪೆಪ್ಪರಮೆಂಟಿನ ಎಣ್ಣೆ ಸುರಿದು, ಹಿಂದೆಯೇ ಒಂದು ಬಕೆಟ್ ಬಿಸಿನೀರು ಹೊಯ್ದು, ಬಾಯಿ ಮುಚ್ಚಿ ಅಲ್ಲೇ ಕೂರಬೇಕು. ಕೆಳಗಿರುವವರು ಕೋಣೆಯಿಂದ ಕೋಣೆಗೆ ಮೂಗು ಹಿಡಿದು ಅಲೆಯಬೇಕು. ಎಲ್ಲಿ ಪೆಪ್ಪರಮೆಂಟಿನ ಘಮ ಬಂತೋ ಅಲ್ಲಿ ಬಿರುಕಿದೆ ಎಂದರ್ಥ. ಸುರಿದವರು ಮಾತ್ರ ಕೆಳಗಿಳಿಯುವ ಹಾಗಿಲ್ಲ. ಅವರ ಕೈಯ ವಾಸನೆಯೇ ಪರೀಕ್ಷೆಯನ್ನು ಕೆಡಿಸುತ್ತದೆ. ಇದಕ್ಕೆ ಯಾವ ಉಪಕರಣವೂ ಬೇಡ, ಡಿಗ್ರಿಯೂ ಬೇಡ. ಒಗ್ಗರಣೆ ಸೀದದ್ದನ್ನು ನಡುಮನೆಯಿಂದಲೇ ಹೇಳಬಲ್ಲ ಮೂಗು ಸಾಕು.

ಇಷ್ಟೆಲ್ಲ ಮಾಡಿದವರು ನಂಬಿದ್ದ ಕಾರಣ ಮಾತ್ರ ಸರಿಯಿರಲಿಲ್ಲ. ಚರಂಡಿಯ ಕೆಟ್ಟ ಗಾಳಿಯೇ ಟೈಫಾಯಿಡ್ ತರುತ್ತದೆ ಎಂದು ಅವರೆಣಿಸಿದ್ದರು. ಅದು ಬರುವುದು ಮಲದಿಂದ ಮಲಿನವಾದ ನೀರು ಮತ್ತು ಆಹಾರದಿಂದ ಎಂಬುದು ಆಮೇಲೆ ಖಚಿತವಾಯಿತು. ಹಾಗಾದರೆ ಟ್ರ್ಯಾಪು, ಪರೀಕ್ಷೆಗಳೆಲ್ಲ ವ್ಯರ್ಥವೇ? ಎರಡು ಘಟನೆಗಳು ಅದಕ್ಕೆ ಉತ್ತರ ಕೊಟ್ಟವು. 1933ರಲ್ಲಿ ಶಿಕಾಗೋದ ವಿಶ್ವಮೇಳಕ್ಕೆ ಬಂದವರಲ್ಲಿ ಆಮಶಂಕೆ ಹರಡಿತು. ಸುಮಾರು 1,400 ಮಂದಿ ಹಾಸಿಗೆ ಹಿಡಿದರು, 98 ಮಂದಿ ಸತ್ತರು. ಹುಡುಕುತ್ತಾ ಹೋದರೆ, ಎರಡು ದೊಡ್ಡ ಹೋಟೆಲುಗಳಲ್ಲಿ ಕೊಳವೆಗಳ ತಪ್ಪು ಜೋಡಣೆಯಿಂದ ಕೊಳಕು ನೀರು ಕುಡಿಯುವ ನೀರಿಗೆ ಸೇರಿತ್ತು. ಇನ್ನೊಂದು 2003ರದು. ಹಾಂಗ್‌ಕಾಂಗಿನ ಅಮಾಯ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯದಲ್ಲಿ ಸಾರ್ಸ್ ಜ್ವರ ಮುನ್ನೂರಕ್ಕೂ ಹೆಚ್ಚು ಜನರಿಗೆ ತಗುಲಿತು, 42 ಮಂದಿ ತೀರಿಕೊಂಡರು. ತನಿಖೆ ಮಾಡಿದವರು ಬೊಟ್ಟುಮಾಡಿದ್ದು ಬಚ್ಚಲ ನೆಲದ ಟ್ರ್ಯಾಪುಗಳತ್ತ. ನೆಲವನ್ನು ನೀರು ಹೊಯ್ದು ತೊಳೆಯದೆ ಬರೀ ಒರೆಸುತ್ತಿದ್ದ ಮನೆಗಳಲ್ಲಿ ಅವು ಒಣಗಿದ್ದವು. ಬಚ್ಚಲ ಫ್ಯಾನು ಹಾಕಿದಾಗ ಕೊಳವೆಯೊಳಗಿನ ರೋಗದ ಹನಿಗಳು ಆ ಒಣಗಿದ ಬಾಯಿಯಿಂದ ಮನೆಯೊಳಗೆ ನುಗ್ಗಿದವು. ಕಮಿಂಗನ ಬಾಗಿಲು ತೆರೆದೇ ಇತ್ತು!

ನಮ್ಮ ಹಳೆಯ ಮನೆಗಳಿಗೆ ಈ ಚಿಂತೆ ಇರಲಿಲ್ಲ. ಬಚ್ಚಲ ನೀರು ಹಿತ್ತಿಲ ಬಾಳೆಯ ಬುಡಕ್ಕೆ ಹರಿಯುತ್ತಿತ್ತು. ಕಕ್ಕಸು ಹಿತ್ತಿಲ ಕೊನೆಯಲ್ಲಿ. ಅದರ ಹಿಂದಿನ ಗಲ್ಲಿಯಲ್ಲಿ ಬಂದು ಮಲವನ್ನು ತಲೆಯ ಮೇಲೆ ಹೊತ್ತು ಹೋಗುತ್ತಿದ್ದ ಬಡಜೀವಗಳ ಮೇಲೆ ನಮ್ಮ ಶುಚಿತ್ವ ನಿಂತಿತ್ತು. ಆ ಹೀನ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ ನಿಷೇಧಿಸಿದ್ದು 1970ರ ದಶಕದಲ್ಲಿ, ಬಸವಲಿಂಗಪ್ಪನವರು ಸಚಿವರಾಗಿದ್ದಾಗ. ಕೊಳವೆಯ ಕಕ್ಕಸು ಬಂದದ್ದು ಆ ದೃಷ್ಟಿಯಿಂದ ದೊಡ್ಡ ಪುಣ್ಯವೇ. ಅದರ ಜೊತೆಗೆ ಚರಂಡಿಯ ಬಾಯಿ ಮಲಗುವ ಕೋಣೆಯ ಪಕ್ಕಕ್ಕೇ ಬಂದದ್ದನ್ನು ಮಾತ್ರ ನಾವು ಅಷ್ಟಾಗಿ ಗಮನಿಸಲಿಲ್ಲ.

ಅಮೆರಿಕದ ಹಲವು ಊರುಗಳಲ್ಲಿ ಮನೆಯವರು ತಮ್ಮ ಮನೆಯ ಕೊಳವೆ ಕೆಲಸವನ್ನು ತಾವೇ ಮಾಡಿಕೊಳ್ಳಬಹುದು. ಅನುಮತಿ ಪಡೆಯಬೇಕು, ಮತ್ತು ಗೋಡೆ ಮುಚ್ಚುವ ಮೊದಲು ಇನ್‌ಸ್ಪೆಕ್ಟರಿಗೆ ತೋರಿಸಬೇಕು. ಕೊಳವೆಯ ಕೆಳತುದಿ ಬಿಗಿದು ಹತ್ತು ಅಡಿ ಎತ್ತರಕ್ಕೆ ನೀರು ತುಂಬಿಸಿ ಹದಿನೈದು ನಿಮಿಷ ಕಾಯುವುದು ಅಲ್ಲಿ ರೂಢಿಯ ಪರೀಕ್ಷೆ. ನೀರು ಇಳಿಯದಿದ್ದರೆ ಪಾಸು. ಕೆಲಸ ಮಾಡಿದವರು ಯಾರು ಎನ್ನುವುದಕ್ಕಿಂತ, ಮುಚ್ಚುವ ಮೊದಲು ನೋಡಿದವರು ಯಾರು ಎಂಬುದೇ ಮುಖ್ಯ. ನಮ್ಮಲ್ಲಿ ಟೈಲ್ಸ್ ಕೂತು, ಬಣ್ಣ ಬಳಿದ ಮೇಲೆ ಬಂದು ನೋಡುವವರಿಗೆ ಕಾಣುವುದು ಹೊಳೆಯುವ ನಲ್ಲಿ ಮಾತ್ರ.

ಮಹಡಿಯ ಮೇಲೆ ಹೊಸ ಬಚ್ಚಲು ಮಾಡಿಸುವಾಗ ನಾನು ಈ ಪರೀಕ್ಷೆಯನ್ನು ಕೇಳಿದೆ. ಪ್ಲಂಬರ್ ನಕ್ಕು, “ಮೂವತ್ತು ವರ್ಷದಿಂದ ಮಾಡ್ತಿದ್ದೀನಿ ಅಮ್ಮಾವ್ರೇ, ಇದನ್ನ ಯಾರೂ ಕೇಳಿಲ್ಲ” ಎಂದ. “ಕೇಳಿದವರು ಒಬ್ಬರು ಇರಲಿ ಬಿಡಪ್ಪ” ಎಂದೆ. ಕೆಳಗೆ ಬಿರಡೆ ಹಾಕಿ ನೀರು ತುಂಬಿಸಿದ. ಕಾಫಿ ಕುಡಿದು ಬರುವಷ್ಟರಲ್ಲಿ ನೀರು ಎರಡು ಬೆರಳು ಇಳಿದಿತ್ತು, ಒಂದು ತಿರುವಿನ ಜೋಡಣೆ ಒದ್ದೆಯಾಗಿತ್ತು. ಆತ ಮಾತಾಡದೆ ಅದನ್ನು ಬಿಚ್ಚಿ ಮತ್ತೆ ಜೋಡಿಸಿದ. ಮರುದಿನ ತಾನಾಗಿಯೇ ಇನ್ನೊಮ್ಮೆ ನೀರು ತುಂಬಿಸಿ, “ಬನ್ನಿ, ನೋಡಿ” ಎಂದು ಕರೆದ. ಆ ಕರೆಯಲ್ಲಿ ಮುನಿಸಿರಲಿಲ್ಲ.

ಕಟ್ಟಿ ಮುಗಿದ ಮನೆಯಲ್ಲೂ ನಾವು ಮಾಡಬಹುದಾದ್ದು ಇದೆ. ಬೀಗರು ಬಂದಾಗ ಮಾತ್ರ ಬಳಸುವ ಬಚ್ಚಲಿಗೆ ವಾರಕ್ಕೊಮ್ಮೆ ಒಂದು ಚೊಂಬು ನೀರು ಹೊಯ್ಯಿರಿ. ನಲ್ಲಿಗೆ ಸಿಕ್ಕಿಸಿದ ರಬ್ಬರ್ ಪೈಪಿನ ತುದಿಯನ್ನು ಬಟ್ಟೆ ನೆನೆಸಿದ ಬಕೆಟ್ಟಿನಲ್ಲಿ ಮುಳುಗಿಸಿ ಬಿಡಬೇಡಿ. ಬೀದಿಯ ನೀರು ನಿಂತಾಗ ಖಾಲಿಯಾಗುವ ಕೊಳವೆ ಆ ಕೊಳೆ ನೀರನ್ನೇ ಹಿಂದಕ್ಕೆ ಹೀರಬಲ್ಲದು. ಗೋಡೆ ಮುಚ್ಚುವ ಮೊದಲು ಕೊಳವೆಗಳ ಫೋಟೊ ತೆಗೆದು ಮನೆಯ ಕಾಗದಪತ್ರಗಳ ಜೊತೆ ಇಡಿ. ಮುಂದೆ ಆ ಗೋಡೆಗೆ ಮೊಳೆ ಹೊಡೆಯುವ ಸೊಸೆಗೋ ಮಗಳಿಗೋ ಅದು ಬೇಕಾದೀತು.